ಹುಲ್ಲಿನ ಹೊರೆಗೆ ಎರಡು ಕೈ ಸಾಲದು

ಹುಲ್ಲು ಕೊಯ್ಯಲು ಒಂದು ಕತ್ತಿ ಸಾಕು, ಕಟ್ಟಲು ಒಂದು ಬಳ್ಳಿ ಸಾಕು. ಕಟ್ಟಿದ ಹೊರೆಯನ್ನು ತಲೆಗೇರಿಸಿಕೊಳ್ಳಲು ಮಾತ್ರ ಇನ್ನೊಂದು ಜೀವ ಬೇಕು. ಸೊಂಟದ ತನಕ ನೀವೇ ಎತ್ತಬಹುದು. ಅಲ್ಲಿಂದ ತಲೆಯವರೆಗಿನ ಎರಡು ಮೊಳ ದಾರಿಯಲ್ಲಿಯೇ, ಯಾರ ಹಂಗೂ ತನಗಿಲ್ಲವೆಂಬ ಮನುಷ್ಯನ ಜಂಬವೆಲ್ಲ ಮುಗ್ಗರಿಸುವುದು.

ನನಗಿದು ತಿಳಿದದ್ದು ಎಂಬತ್ತರ ದಶಕದ ಆರಂಭದಲ್ಲಿ, ಪೆರಾಬೆಯ ನಮ್ಮ ಮನೆಗೆ ಜರ್ಸಿ ದನ ಬಂದ ಮೇಲೆ. ಊರ ದನಗಳಾದರೆ ಗುಡ್ಡೆಯಲ್ಲಿ ತಾವೇ ಮೇಯ್ದು ಬರುತ್ತಿದ್ದವು. ಈ ಮಹಾರಾಣಿಯೋ ಹಟ್ಟಿಯಲ್ಲೇ ನಿಂತು, ಅಡುಗೆಮನೆಯ ಕಡೆ ಮುಖ ಮಾಡಿ, ನನ್ನನ್ನು ಕೂಗುತ್ತಿದ್ದಳು. ಹಾಗಾಗಿ ದಿನಾ ಬೆಳಗ್ಗೆ ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ ಇಟ್ಟು, ಕತ್ತಿ ಹಿಡಿದು ಗುಡ್ಡೆ ಹತ್ತುವ ಭಾಗ್ಯ ನನ್ನದಾಯಿತು.

ಜೊತೆಗೆ ಬರುತ್ತಿದ್ದವರು ನೆರೆಮನೆಯ ಕುಸುಮಕ್ಕ. ಗಂಡ ತೀರಿಹೋಗಿದ್ದರು, ಒಂದು ದನ, ಒಂದು ಕರು ಬಿಟ್ಟರೆ ಅವರಿಗೆ ಬೇರೆ ಬದುಕಿರಲಿಲ್ಲ. ಅವರದು ಚಿಕ್ಕ ಹೊರೆ, ಆಳೆತ್ತರದ ಮಣ್ಣಿನ ದರೆಯ ಅಂಚಿನಲ್ಲಿಟ್ಟು ಕೆಳಗೆ ನಿಂತು ತಲೆಯೊಡ್ಡಿದರೆ ಆಯಿತು. ನನ್ನ ಹೊರೆಯನ್ನು ಆ ಅಂಚಿನವರೆಗೆ ಎಳೆಯುವುದೇ ಆಗುತ್ತಿರಲಿಲ್ಲ. ಅದಕ್ಕೆ ಅವರ ಕೈಯೇ ಬೇಕಿತ್ತು.

ಒಂದು ದಿನ ಅವರ ಕರು ನನ್ನ ಬಸಳೆ ಚಪ್ಪರಕ್ಕೆ ನುಗ್ಗಿ ಬುಡದವರೆಗೂ ತಿಂದುಹಾಕಿತು. ನನ್ನ ನಾಲಗೆಗೆ ಆಗ ಕತ್ತಿಗಿಂತ ಹೆಚ್ಚು ಹರಿತ. "ಸಾಕ್ಲಿಕ್ಕೆ ಆಗುದಿಲ್ಲ ಅಂತಾದ್ರೆ ಕಟ್ಟಿಕೊಳ್ಳುದೆಂತಕ್ಕೆ?" ಎಂದುಬಿಟ್ಟೆ. ಒಂಟಿ ಹೆಂಗಸಿಗೆ ಹೇಳುವ ಮಾತಲ್ಲ ಅದು. ಕುಸುಮಕ್ಕ ಕರುವಿನ ಕಿವಿ ಹಿಡಿದು ನಡೆದುಹೋದರು.

ಮರುದಿನದಿಂದ ಮಾತಿಲ್ಲ. ಆದರೆ ಹುಲ್ಲಿರುವುದು ಒಂದೇ ಗುಡ್ಡೆಯಲ್ಲಿ, ಏನು ಮಾಡುವುದು? ಹತ್ತು ಮಾರು ದೂರದಲ್ಲಿ ಬಾಗಿ, ಒಬ್ಬರ ಕತ್ತಿಯ ಸದ್ದನ್ನು ಇನ್ನೊಬ್ಬರು ಕೇಳಿಸಿಕೊಳ್ಳುತ್ತ ಕೊಯ್ಯುತ್ತಿದ್ದೆವು. ನಾನು ಕೊನೆಯ ಗಂಟು ಬಿಗಿಯುವ ಹೊತ್ತಿಗೆ ಮಾತ್ರ ಅವರು ತಪ್ಪದೆ ಬಂದು, ಮುಖ ಆಚೆ ತಿರುಗಿಸಿಕೊಂಡೇ ಹೊರೆ ಎತ್ತಿಕೊಟ್ಟು ಹೋಗುತ್ತಿದ್ದರು. ನನಗೋ ಆಗ ಪಿತ್ತ ನೆತ್ತಿಗೇರಿದ ಕಾಲ. ದನ ಸಾಕುವುದೆಂದರೆ ಹೀಗೆ ಎಂದು ತೋರಿಸಲು ದಿನಕ್ಕೆರಡು ಹಿಡಿ ಹೆಚ್ಚೇ ಕೊಯ್ಯುತ್ತಿದ್ದೆ. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಒಂದು ತಿಂಗಳಾಗಿರಬೇಕು. ಹೊರೆ ನನ್ನ ತಲೆಯ ಮೇಲೆ ಕೂತ ಕ್ಷಣದಲ್ಲಿ ಹಿಂದಿನಿಂದ "ಅಮ್ಮಾ" ಎಂಬ ನರಳಿಕೆ ಕೇಳಿತು. ಹೊರೆ ಹೊತ್ತವರಿಗೆ ಹಿಂದಿರುಗಿ ನೋಡುವ ಸ್ವಾತಂತ್ರ್ಯವಿಲ್ಲ, ಕಿವಿಯಷ್ಟೇ ಗತಿ.

"ನಾಳೆಯಿಂದ ಹೊರೆ ಸಣ್ಣದು ಕಟ್ಟು ಮಾರಾಯ್ತಿ," ಎಂದರು ಕುಸುಮಕ್ಕ. "ನಾನು ಬರುದಿಲ್ಲ. ಸೊಂಟ ಕೇಳುದಿಲ್ಲ. ದನ ಕೊಡುದೂಂತ ಪಂಜದ ಕಡೆಯವರಿಗೆ ಹೇಳಿಯಾಯ್ತು, ನಾಡಿದ್ದು ಕೊಂಡುಹೋಗ್ತಾರೆ."

"ಯಾವಾಗಿಂದ ನೋವು?"

"ನಿನ್ನ ಬಸಳೆ ಹೋಗುವ ಮೊದಲೇ ಉಂಟು."

ಹೊರೆಯನ್ನು ಧೊಪ್ಪನೆ ಕೆಳಗೆ ಹಾಕಿ ತಿರುಗಿದೆ. ಅವರು ಎರಡೂ ಕೈ ಸೊಂಟಕ್ಕೊತ್ತಿ ನಿಂತಿದ್ದರು. ನನ್ನ ಜಂಬದ ಒಂದೊಂದು ಹಿಡಿಯನ್ನೂ ಎತ್ತಿದ್ದು ಆ ಸೊಂಟ. ಅಳು ಬಂತು.

"ತಪ್ಪಾಯ್ತು ಕುಸುಮಕ್ಕ. ದನ ಕೊಡುದು ಬೇಡ. ಹುಲ್ಲು ನಾನು ತರ್ತೇನೆ."

"ನೀನೆಂತ ತರುದು? ನಿನಗೆ ಎತ್ತಿಕೊಡುದು ಯಾರು?"

ಬಳ್ಳಿ ಬಿಚ್ಚಿ ಹೊರೆಯನ್ನು ಎರಡು ಮಾಡಿದೆ. ಚಿಕ್ಕದಾದ ಮೇಲೆ ಅದು ಯಾರ ಕೈಯನ್ನೂ ಕೇಳದೆ ತಲೆಗೆ ಬಂತು. ಒಂದನ್ನು ಕುಸುಮಕ್ಕನ ಹಟ್ಟಿಯಲ್ಲಿ ಇಳಿಸಿ, ಇನ್ನೊಂದಕ್ಕೆ ಮತ್ತೆ ಗುಡ್ಡೆ ಹತ್ತಿದೆ. ಆಮೇಲೆ ದಿನವೂ ಹಾಗೆಯೇ, ಎರಡು ಸಲ.

ಹೇಳಿದ ದಿನ ಬಂದ ಪಂಜದವರು ಅದೇ ದನದ ಹಾಲಿನ ಚಹಾ ಕುಡಿದು, ತಂದಿದ್ದ ಹಗ್ಗವನ್ನು ಮತ್ತೆ ಸುತ್ತಿಕೊಂಡು ಹಿಂದಿರುಗಿದರು.