ಹನ್ನೆರಡರವರೆಗೆ ಮಗುಚಿಟ್ಟ ಚೀಟಿಗಳು

ಅವಳು ಬಿಸಿನೆಸ್ ಅನಲಿಸ್ಟ್. ಹಾಗೆಂದರೇನು ಎಂದು ಅತ್ತೆಗೆ ಇಪ್ಪತ್ತೆರಡು ವರ್ಷದಿಂದ ವಿವರಿಸುತ್ತಲೇ ಇದ್ದಾಳೆ. ಒಂದು ಕಂಪನಿಯಲ್ಲಿ ಕೆಲಸ ಹೇಗೆ ನಡೆಯುತ್ತದೆಂದು ಕೇಳಿ ತಿಳಿದು, ಅದಕ್ಕೆ ಎಂಥ ಕಂಪ್ಯೂಟರ್ ವ್ಯವಸ್ಥೆ ಬೇಕೆಂದು ಬರೆದುಕೊಡುವುದು, ಅಷ್ಟೆ. ಅತ್ತೆ ಮಾತ್ರ ಅಕ್ಕಪಕ್ಕದವರಿಗೆ, "ನಮ್ಮ ಸೊಸೆಗೆ ಜನರ ತಲೆ ತಿನ್ನೋದಕ್ಕೆ ಸಂಬಳ ಕೊಡ್ತಾರೆ" ಎಂದೇ ಹೇಳುವುದು. ತಿನ್ನುತ್ತಾಳೆ, ಸುಳ್ಳೇನಲ್ಲ. ಆದರೂ ಎಷ್ಟೋ ಕಂಪನಿಗಳು ಅವಳೇ ಬೇಕೆಂದು ಹಟ ಹಿಡಿಯುತ್ತವೆ. ಕೆಲಸಕ್ಕೆ ಹೊಸದಾಗಿ ಸೇರಿದವರು ಇಂಥ ಹೆಸರು ಹೇಗೆ ಗಳಿಸಿದಿರಿ ಮೇಡಂ ಎಂದು ಕೇಳಿದಾಗ ಅವಳಿಗೆ ಒಂದು ಔಷಧಿ ಉಗ್ರಾಣ ನೆನಪಾಗುತ್ತದೆ.

ಆಗ ಅವಳಿಗೆ ಇಪ್ಪತ್ತಾರು. ಆಸ್ಪತ್ರೆಗಳಿಗೆ ಔಷಧಿ ಕಳಿಸುವ ದೊಡ್ಡ ಉಗ್ರಾಣ ಅದು, ಅಲ್ಲಿಗೊಂದು ಕಂಪ್ಯೂಟರ್ ವ್ಯವಸ್ಥೆ ಬರೆದುಕೊಡಲು ಹೋಗಿದ್ದಳು. ರಟ್ಟಿನ ಪೆಟ್ಟಿಗೆ, ಸ್ಪಿರಿಟ್ಟು, ಅಂಟುಪಟ್ಟಿ ಎಲ್ಲ ಸೇರಿದ ಆ ವಾಸನೆ! ಇವತ್ತಿಗೂ ಔಷಧಿ ಅಂಗಡಿಯ ಮುಂದೆ ಅವಳ ಕಾಲು ನಿಧಾನವಾಗುತ್ತದೆ. ಮೂಲೆಯ ಗಾಜಿನ ಕೋಣೆಯಲ್ಲಿ ರವಾನೆ ಗುಮಾಸ್ತರು ಕೂರುತ್ತಿದ್ದರು. ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದ ಮನುಷ್ಯ. ಬೆಳಿಗ್ಗೆ ಬಂದ ಬೇಡಿಕೆ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಮಗುಚಿಟ್ಟು, ಹನ್ನೆರಡು ಹೊಡೆಯುವವರೆಗೆ ಒಂದು ಗಾಡಿಯನ್ನೂ ಬಿಡುತ್ತಿರಲಿಲ್ಲ.

ಶುದ್ಧ ಸೋಮಾರಿತನ ಎಂದರು ಉಗ್ರಾಣದ ಮ್ಯಾನೇಜರು. ಇವಳೂ ಹೌದೆಂದು ತಲೆಯಾಡಿಸಿದಳು. ಮೂರು ದಿನ ಮ್ಯಾನೇಜರ ಕೋಣೆಯಲ್ಲಿ ಚಹಾ ಕುಡಿಯುತ್ತ, ಕೆಲಸ ಸಾಗುವ ದಾರಿಯ ನಕ್ಷೆಯನ್ನು ಚೌಕ, ಬಾಣ ಎಲ್ಲ ಹಾಕಿ ಚಂದವಾಗಿ ಬರೆದಳು. "ಈ ಕಾಯುವಿಕೆ ಅನಗತ್ಯ, ತೆಗೆಯಬಹುದು" ಎಂದು ಒಂದು ಸಾಲನ್ನೂ ಸೇರಿಸಿದಳು. ಎಂಥ ಠೀವಿ ಆ ಸಾಲಿನಲ್ಲಿ! ಓದಿದವರೆಲ್ಲ ಬೆನ್ನು ತಟ್ಟಿದರು.

ಹೊಸ ವ್ಯವಸ್ಥೆ ಬಂತು. ಬೇಡಿಕೆ ಬಂದ ಹತ್ತೇ ನಿಮಿಷಕ್ಕೆ ಗಾಡಿ ಹೊರಡುವುದು. ಎರಡನೇ ವಾರಕ್ಕೆ ಆಸ್ಪತ್ರೆಗಳಿಂದ ಬೈಗುಳ ಶುರುವಾಯಿತು. ಬೇಡದ ಔಷಧಿ ಬಂತು, ಬೇಕಾದ್ದು ಬರಲಿಲ್ಲ. ಒಂದು ಕಡೆಯಂತೂ ಮಧ್ಯಾಹ್ನಕ್ಕೆ ಬೇಕಿದ್ದ ಚುಚ್ಚುಮದ್ದು ಮರುದಿನ ತಲುಪಿತು. ರೋಗಿ ಬದುಕಿಕೊಂಡದ್ದು ಪುಣ್ಯ. ಹೆದರಿದ ಅವಳು ಹಳೆಯ ಚೀಟಿಗಳ ಕಟ್ಟು ಬಿಚ್ಚಿ ನೋಡಿದಳು. ಪ್ರತಿ ಚೀಟಿಯ ಹಿಂಬದಿಯಲ್ಲೂ ಗುಮಾಸ್ತರ ಅಕ್ಷರ: ಇದು ಎರಡು ಬೇಡ, ಅದು ಐದು ಹೆಚ್ಚು, ಇದನ್ನು ಐಸ್ ಪೆಟ್ಟಿಗೆಯಲ್ಲಿ ಕಳಿಸಿ. ಡಾಕ್ಟರುಗಳು ವಾರ್ಡು ಸುತ್ತಿ ಬಂದು, ಹನ್ನೊಂದರ ಮೇಲೆ ಫೋನಿನಲ್ಲಿ ಹೇಳುತ್ತಿದ್ದ ತಿದ್ದುಪಡಿಗಳು ಅವು. ಬರೆದುಕೊಳ್ಳಲು ಸುಲಭವಾಗಲೆಂದೇ ಚೀಟಿ ಮಗುಚಿಡುತ್ತಿದ್ದರು. ಈಗ ಆ ಫೋನು ಬರುವ ಹೊತ್ತಿಗೆ ಗಾಡಿ ಹೊರಟೇಹೋಗಿರುತ್ತಿತ್ತು.

ಮರುದಿನ ಬೆಳಿಗ್ಗೆ ಉಗ್ರಾಣದ ಯಜಮಾನರ ಮುಂದೆ ಮೀಟಿಂಗು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಹಾಗಾಯಿತು. ಈ ವಯಸ್ಸಿನಲ್ಲಿ ಗುಮಾಸ್ತರಿಗೆ ಕಂಪ್ಯೂಟರ್ ತಲೆಗೆ ಹತ್ತುತ್ತಿಲ್ಲ, ಎಲ್ಲ ಎಡವಟ್ಟಿಗೂ ಅವರೇ ಕಾರಣ, ಮನೆಗೆ ಕಳಿಸೋಣ ಎಂದರು ಮ್ಯಾನೇಜರು. ಗುಮಾಸ್ತರು ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದರು. ಇವಳ ಮೇಲಧಿಕಾರಿ ಸುಮ್ಮನಿರು ಎಂದು ಕಣ್ಣಲ್ಲೇ ಗದರಿದರು. ಬಾಯಿ ಮುಚ್ಚಿಕೊಂಡಿದ್ದರೆ ಇವಳ ಹೆಸರು ಉಳಿಯುತ್ತಿತ್ತು, ಅವರ ಅನ್ನ ಹೋಗುತ್ತಿತ್ತು. ಅವಳು ಚೀಟಿಗಳ ಕಟ್ಟನ್ನು ಯಜಮಾನರ ಮುಂದಿಟ್ಟು ಎದ್ದು ನಿಂತಳು.

"ತಪ್ಪು ಇವರದ್ದಲ್ಲ ಸಾರ್, ನಂದು. ಇವರು ಯಾಕೆ ಕಾಯ್ತಿದ್ರು ಅಂತ ನಾನು ಕೇಳ್ಲೇ ಇಲ್ಲ."

ಯಜಮಾನರು ಚೀಟಿಗಳನ್ನು ಮಗುಚಿ ಮಗುಚಿ ನೋಡಿದರು. ಆಮೇಲೆ ಗುಮಾಸ್ತರಿಗೆ ಹೋಗಿ ಕೆಲಸ ನೋಡಿಕೊಳ್ಳಿ ಎಂದರು, ಇವಳಿಗೆ ಹತ್ತು ದಿನ ಕೊಟ್ಟೆ, ಸರಿಮಾಡಿ ಎಂದರು. ಅವಳು ಸರಿಮಾಡಿದ್ದೂ ಆಯಿತು. ಮುಂದೆ ಆ ಯಜಮಾನರೇ, ತಪ್ಪಾದರೆ ಮುಚ್ಚಿಡದ ಹೆಣ್ಣುಮಗಳು ಎಂದು ಹೋದಲ್ಲೆಲ್ಲ ಹೇಳಿಕೊಂಡು ಬಂದರು. ಹೆಸರು ಬಂದ ಕತೆ ಇಷ್ಟೇ.

ಹೊಸಬರಿಗೆ ಅವಳು ಇಷ್ಟನ್ನೇ ಹೇಳುತ್ತಾಳೆ. ಮೀಟಿಂಗು ಮುಗಿದ ಮೇಲೆ ನಡೆದದ್ದನ್ನು ಯಾರಿಗೂ ಹೇಳಿಲ್ಲ. ಅವಳು ನೇರ ಗಾಜಿನ ಕೋಣೆಗೆ ನುಗ್ಗಿದ್ದಳು. ಅಳು ಬಂದಿತ್ತು, ಸಿಟ್ಟೂ ಬಂದಿತ್ತು. ಇಷ್ಟೆಲ್ಲ ಗೊತ್ತಿದ್ದೂ ನೀವಾದರೂ ಯಾಕೆ ಬಾಯಿ ಬಿಡಲಿಲ್ಲ ಎಂದು ಅವರನ್ನೇ ದಬಾಯಿಸಿದಳು.

ಗುಮಾಸ್ತರು ಕನ್ನಡಕ ತೆಗೆದರು. "ಕೆಲಸ ತಿಳ್ಕೊಳ್ಳೋಕೆ ಒಬ್ಬರು ಬರ್ತಾರೆ ಅಂದಿದ್ರು ಕಣಮ್ಮ. ಮೂರು ದಿನಾನೂ ಪಕ್ಕದ ಕುರ್ಚಿ ಒರೆಸಿ ಇಟ್ಕೊಂಡಿದ್ದೆ. ನೀವು ಆಚೆಯಿಂದಾನೇ ಹೋಗ್ಬಿಟ್ರಿ."

ಕುರ್ಚಿ ಅಲ್ಲೇ ಇತ್ತು. ಅವಳು ಕೂತಳು. ಫೋನು ಬಡಿದುಕೊಳ್ಳತೊಡಗಿತು, ಗುಮಾಸ್ತರು ಎತ್ತಿಕೊಂಡು ಒಂದು ಚೀಟಿಯನ್ನು ಮಗುಚಿ ಅವಳ ಕಡೆ ಸರಿಸಿದರು.