ಗಾಜಿನ ಮೇಲೆ ಒಂದೇ ಎಳೆತ

ಕೊಯಮತ್ತೂರು ಕಡೆಯ ನೆಗಮಂನಲ್ಲಿ, ಮನೆಯೊಳಗೆ ಕನ್ನಡವನ್ನೇ ಆಡುವ ನೇಕಾರರ ಬೀದಿಯಲ್ಲಿ ಹುಟ್ಟಿದ ಕೃತ್ತಿಕಾಳ ಕೈಗೆ ಒಂದು ಚಾಳಿಯಿತ್ತು. ಏನನ್ನೇ ಸವರಲಿ, ಎರಡು ಸಲ ಸವರಬೇಕು. ದೋಸೆಕಲ್ಲಿಗೆ ಎಣ್ಣೆಯಾದರೂ ಸರಿ, ಹಣೆಗೆ ವಿಭೂತಿಯಾದರೂ ಸರಿ. ಇದನ್ನು ಅಂಟಿಸಿದವಳು ಅವಳ ತಾಯಿ ಕಾಮಾಕ್ಷಿಯಮ್ಮ. ಬೆಳಗಾಗುತ್ತಲೇ ಬೀದಿಯುದ್ದಕ್ಕೂ ಹಾಸುನೂಲು ಬಿಗಿದು, ಗಂಜಿ ಹಚ್ಚಿ, ಅಗಲವಾದ ಕುಂಚದಿಂದ ಎಳೆಯುವಾಗ ಮಗಳು ಒಂದು ಸಲ ಎಳೆದು ನಿಂತರೆ ಬೈಗುಳ ತಪ್ಪುತ್ತಿರಲಿಲ್ಲ.

“ಇನ್ನೊಂದ್ ತಡವೆ ಎಳಿ, ನನ್ ಕಣ್ಣು. ಒಂದ್ ತಡವೆ ಸವರಿದ್ರೆ ನೂಲಿಗೆ ಸಮಾಧಾನ ಆಗಲ್ಲ.”

ಆ ಕೈ ಮುಂದೆ ರಕ್ತಪರೀಕ್ಷೆಯ ಕೆಲಸಕ್ಕೆ ಸೇರಿತು ನೋಡಿ, ಅಲ್ಲಿ ಶುರುವಾಯಿತು ಫಜೀತಿ. ತಿರುಪ್ಪೂರಿನ ಲ್ಯಾಬಿನಲ್ಲಿ ಬನಿಯನ್ ಕಂಪನಿಯವರ ರಕ್ತವೆಲ್ಲ ಅವಳ ಮೇಜಿಗೇ ಬರುತ್ತಿತ್ತು. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಇಟ್ಟು, ಇನ್ನೊಂದು ಗಾಜಿನ ಅಂಚಿನಿಂದ ಒಂದೇ ಎಳೆತದಲ್ಲಿ ತೆಳ್ಳಗೆ ಹರಡಬೇಕು. ಮತ್ತೊಮ್ಮೆ ಎಳೆದರೆ ಬಿಳಿಯ ರಕ್ತಕಣಗಳು ಒಡೆದುಹೋಗುತ್ತವೆ. ಕೃತ್ತಿಕಾ ಎಳೆದ ತಕ್ಷಣ ಬಲಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಕಲಿತಳು. ಜೊತೆಯವರು ನಕ್ಕರು. ನಗಲಿ ಎಂದು ಬಿಟ್ಟಳು. ಹಿಡಿದದ್ದನ್ನು ಬಿಡುವ ಜಾತಿಯ ಹೆಂಗಸಲ್ಲ ಅವಳು.

ಆಮೇಲೆ ಅವಳಿಗೆ ಕೊಯಮತ್ತೂರಿನಲ್ಲಿ ಕಾಡುಪ್ರಾಣಿಗಳ ವೈದ್ಯ ತಿರುಮೂರ್ತಿಯ ತಂಡದಲ್ಲಿ ಕೆಲಸ ಸಿಕ್ಕಿತು. ಆತನೂ ಕನ್ನಡ ಮಾತಾಡುವ ರೈತರ ಮನೆಯವನು. ಕಚೇರಿಯೆಲ್ಲ ತಮಿಳು, ಇವರಿಬ್ಬರೇ ಇದ್ದಾಗ ಮನೆಯ ಮಾತು. ಅಲ್ಲಿ ಅವಳು ಮೊದಲ ಬಾರಿ ಆನೆಯ ರಕ್ತವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ ಬೆರಗಾದಳು. ಬಿಳಿಯ ಕಣಗಳಲ್ಲಿ ಮಾನೋಸೈಟ್ ಎಂಬುದೊಂದಿದೆ. ನಮ್ಮಲ್ಲಿ ಅದರ ನಡುವಿನ ಕೋಶಕೇಂದ್ರ ಗೋಡಂಬಿಯಂತೆ ಬಾಗಿದ ಒಂದೇ ತುಂಡು. ಆನೆಯಲ್ಲಿ ಅದು ಎರಡು ಉಂಡೆ, ಕೆಲವೊಮ್ಮೆ ಮೂರು, ನಡುವೆ ಸಣ್ಣದೊಂದು ಎಳೆ. ಇಷ್ಟು ದೊಡ್ಡ ಪ್ರಾಣಿಯ ಒಳಗೆ ಇಷ್ಟು ನವಿರಾದ ಎಳೆ ಹಾಕಿದವರು ಯಾರೋ ಎಂದು ಅವಳಿಗೆ ನೇಕಾರರ ಮನೆಯ ಹೆಮ್ಮೆಯೇ ಬಂತು. ಹೊಸಬರು ಈ ಕಣವನ್ನು ಬೇರೇನೋ ಎಂದು ಎಣಿಸಿಬಿಡುತ್ತಾರೆ. ಅವಳು ಮಾತ್ರ ಅದನ್ನು ಎಲ್ಲಿ ಕಂಡರೂ ಗುರುತಿಸುವಷ್ಟು ಪಳಗಿದಳು.

ಕಳೆದ ವರ್ಷ ತಡಾಗಂ ಬಳಿ, ಇಟ್ಟಿಗೆಗೆ ಮಣ್ಣು ತೆಗೆದ ಹಳೆಯ ಗುಂಡಿಯೊಂದಕ್ಕೆ ಮರಿಯಾನೆ ಬಿತ್ತು. ಮೇಲೆತ್ತಿದ ಮೇಲೂ ಅದು ಜೋಲುಮೋರೆ ಹಾಕಿಕೊಂಡೇ ನಿಂತಿತ್ತು. ತಾಯಿಯಿದ್ದ ಹಿಂಡು ಎದುರಿನ ಇಳಿಜಾರಿನಲ್ಲಿ ಕಾಯುತ್ತಿತ್ತು. ಬಿಸಿಲು ಇಳಿದರೆ ಅದು ಬೆಟ್ಟ ಹತ್ತಿಬಿಡುತ್ತದೆ, ಆಮೇಲೆ ಸೇರಿಸುವುದು ಕನಸಿನ ಮಾತು. ಆದರೆ ಮರಿಗಳನ್ನು ಕೊಲ್ಲುವ ಒಂದು ವೈರಸ್ ರೋಗವಿದೆ. ಅದು ತಗುಲಿದಾಗ ಮೊದಲು ಕುಸಿಯುವುದು ಇದೇ ಮಾನೋಸೈಟುಗಳ ಸಂಖ್ಯೆ. ತಗುಲಿದ್ದರೆ ಮರಿಯನ್ನು ಆನೆ ಶಿಬಿರಕ್ಕೆ ಒಯ್ದು ಔಷಧ ಕೊಡಬೇಕು.

ತಿರುಮೂರ್ತಿ ಮರಿಯ ಕಿವಿಯ ರಕ್ತನಾಳದಿಂದ ರಕ್ತ ತೆಗೆದುಕೊಟ್ಟ. ಅರಣ್ಯ ಇಲಾಖೆಯ ಶೆಡ್ಡಿನಲ್ಲಿ ಮೇಜು ಹಾಕಿಕೊಂಡು ಕೃತ್ತಿಕಾ ಹನಿ ಇಟ್ಟಳು. ಅಷ್ಟರಲ್ಲಿ ಹೊರಗೆ ಮರಿ ಗೋಳಿಟ್ಟಿತು. ಅವಳು ತಲೆಯೆತ್ತಿ ಕಿಟಕಿಯಾಚೆ ನೋಡಿದಳು, ಎಳೆತ ಅರ್ಧಕ್ಕೆ ನಿಂತು ಮತ್ತೆ ಸಾಗಿತು. ಬಣ್ಣ ಹಾಕಿ ನೋಡಿದಾಗ ಮಾನೋಸೈಟುಗಳು ಅಲ್ಲೊಂದು ಇಲ್ಲೊಂದು. ಹಾಗೆಯೇ ಹೇಳಿದಳು. ತಿರುಮೂರ್ತಿ ಮರಿಯನ್ನು ಶಿಬಿರಕ್ಕೆ ಒಯ್ಯಲು ಲಾರಿಗೆ ಫೋನ್ ಮಾಡಿದ.

ಮನಸ್ಸು ತಡೆಯದೆ ಅವಳು ಸೂಕ್ಷ್ಮದರ್ಶಕಕ್ಕೆ ಮತ್ತೆ ಕಣ್ಣಿಟ್ಟಳು. ಕಣಗಳ ನಡುನಡುವೆ ನೀಲಿ ಕಲೆಗಳು, ಹರಿದ ಎಳೆಗಳ ತುದಿಗಳು. ಒಡೆದ ಕಣಗಳಿವು. ಅರ್ಧಕ್ಕೆ ನಿಂತ ಕೈ ಸುಮ್ಮನಿರದೆ ಹಿಂದೆ ಸರಿದು, ಎರಡನೇ ಸಲ ಸವರಿತ್ತು! ಇಷ್ಟು ವರ್ಷ ಬೆನ್ನ ಹಿಂದೆ ಕಟ್ಟಿಹಾಕಿದ ಚಾಳಿ ಇವತ್ತೇ ಬಿಚ್ಚಿಕೊಳ್ಳಬೇಕೆ ಎಂದು ಅವಳಿಗೆ ತನ್ನ ಕೈಯ ಮೇಲೆಯೇ ಸಿಟ್ಟು ಬಂತು.

“ಸಾರ್, ಲಾರಿ ನಿಲ್ಸಿ. ಆ ಸ್ಲೈಡ್ ನಂಬ್‌ಬೇಡಿ. ನಾನೇ ಕೆಡ್ಸಿದ್ದು.”

“ಈಗ ತಾನೆ ಕಮ್ಮಿ ಅಂದ್ಯಲ್ಲಮ್ಮಾ? ಹಿಂಡು ಆಗ್ಲೇ ಅಲ್ಲಾಡ್ತೈತೆ. ಸೀಕು ಇದ್ದು ನಾವು ಬಿಟ್ಟುಬಿಟ್ರೆ ಮರಿ ಕಾಡಲ್ಲಿ ಸತ್ತೋಗುತ್ತೆ.”

“ಸೀಕು ಇಲ್ದೆ ಎತ್ಕೊಂಡೋದ್ರೆ ತಾಯಿ ಇಲ್ದಂಗಾಗುತ್ತೆ. ಟ್ಯೂಬಲ್ಲಿ ರಕ್ತ ಮಿಕ್ಕೈತೆ. ಮರಿ ನೋಡ್ದೆ ನಾನು ಸ್ಲೈಡ್ ಎಳೀತೀನಿ. ಆಮೇಲೆ ನೀವೂ ಕೂತ್ಕೊಂಡು ಎಣ್ಸಿ. ಅದುವರ್ಗೂ ಲಾರಿ ಹತ್ಸಕ್ಕೆ ನಾನು ಬಿಡಲ್ಲ.”

ತಿರುಮೂರ್ತಿ ಅವಳನ್ನೇ ದಿಟ್ಟಿಸಿ, “ಸರಿ, ಬೇಗ ಮಾಡು” ಎಂದು ಕುರ್ಚಿ ಎಳೆದುಕೊಂಡ. ಅವಳು ಕಿಟಕಿಗೆ ಬೆನ್ನು ಹಾಕಿ ನಿಂತು, ಹನಿ ಇಟ್ಟು, ಉಸಿರು ಬಿಗಿಹಿಡಿದು ಒಂದೇ ಸಲ ಎಳೆದಳು. ಕೈ ತುದಿಯಲ್ಲಿ ನಿಂತಿತು. ಹಿಂದಕ್ಕೆ ಬರಲಿಲ್ಲ. ಬಣ್ಣ ಹಾಕಿ ನೋಡಿದಾಗ ಗಾಜಿನಲ್ಲಿ ಕಣಗಳು ಇಡಿಯಾಗಿ ತೆರೆದುಕೊಂಡವು: ಎರಡು ಉಂಡೆ, ನಡುವೆ ಎಳೆ, ಪಕ್ಕದಲ್ಲಿ ಮತ್ತೊಂದು, ಅದರಾಚೆ ಮೂರುಂಡೆಯದು. ಅವಳು ಎಣಿಸಿದಳು. ಅವನೂ ಎಣಿಸಿದ. ಎಣಿಕೆ ಆರೋಗ್ಯವಂತ ಮರಿಯದ್ದೇ. ಜೋಲುಮೋರೆಗೆ ಕಾರಣ ಬಳಲಿಕೆ, ಭಯ, ಅಷ್ಟೇ.

“ನಡಿ, ಬಿಡೋಣ” ಎಂದ ತಿರುಮೂರ್ತಿ.

ಬಿಸಿಲು ಇಳಿಯುವ ಮೊದಲೇ ಮರಿಯನ್ನು ಇಳಿಜಾರಿನ ಬುಡದಲ್ಲಿ ಬಿಟ್ಟು ಎಲ್ಲರೂ ದೂರ ಸರಿದರು. ಕೃತ್ತಿಕಾ ದುರ್ಬೀನು ಹಿಡಿದು ನಿಂತಳು. ಕೊನೆಗೂ ತಾಯಿ ಪೊದೆ ಸರಿಸಿಕೊಂಡು ಬಂತು. ಮರಿಯ ನೆತ್ತಿಯಿಂದ ಬಾಲದವರೆಗೆ ಸೊಂಡಿಲಿನಿಂದ ನಿಧಾನವಾಗಿ ಸವರಿತು. ಇನ್ನು ಹೊರಡುತ್ತದೆ ಎಂದುಕೊಂಡಳು ಕೃತ್ತಿಕಾ. ತಾಯಿ ಹೊರಡಲಿಲ್ಲ. ನೆತ್ತಿಗೆ ಸೊಂಡಿಲಿಟ್ಟು ಇನ್ನೊಂದು ಸಲ ಸವರಿತು.

ಕೃತ್ತಿಕಾ ಅಳು ತಡೆಯಲಾರದೆ ದುರ್ಬೀನನ್ನು ತಿರುಮೂರ್ತಿಯ ಕೈಗೆ ಕೊಟ್ಟು, ಅಮ್ಮನಿಗೆ ಫೋನ್ ಮಾಡಿದಳು.