ಹೊಟ್ಟೆನೋವಿನ ಚೀಟಿಗಳು

ನಮ್ಮ ಶಾಲೆಗೆ ವರ್ಷಕ್ಕೆ ಎರಡು ಸಲ ಹೊಟ್ಟೆನೋವು ಬರುತ್ತದೆ. ಅದು ಬರುವುದು ಓದಿನಲ್ಲಿ ಹಿಂದಿರುವ ಮಕ್ಕಳಿಗೆ ಮಾತ್ರ, ಅದೂ ಮೌಲ್ಯಮಾಪನ ಪರೀಕ್ಷೆಯ ದಿನ. ಮಕ್ಕಳ ಸರಾಸರಿ ಅಂಕವೇ ಶಿಕ್ಷಕರ ಅಂಕ; ಗೈರುಹಾಜರಾದ ಮಗು ಲೆಕ್ಕಕ್ಕಿಲ್ಲ. ಹಾಗಾಗಿ ಹಿಂದಿನ ದಿನವೇ ರಜಾಚೀಟಿಗಳನ್ನು ನಾವು ಶಿಕ್ಷಕರೇ ಬರೆದಿಡುತ್ತೇವೆ. ಅಪ್ಪನೋ ಅಮ್ಮನೋ ಬಂದು ಹೆಬ್ಬೆಟ್ಟು ಒತ್ತಿ ಹೋಗುತ್ತಾರೆ. ಆರು ವರ್ಷದಿಂದ ನಾನೂ ಬರೆಯುತ್ತಿದ್ದೇನೆ, ದುಂಡಗಿನ ಅಕ್ಷರದಲ್ಲಿ. ಒಂದು ಸಲವೂ ನನ್ನ 'ಎ' ಶ್ರೇಣಿ ತಪ್ಪಿಲ್ಲ. ಹೇಳಿಕೊಳ್ಳಲು ಹೇಸಿಗೆಯಾಗುತ್ತದೆ.

ಆದರೆ ನಾನು ಹೇಳಹೊರಟಿದ್ದು ಪಕ್ಕದ ಕೋಣೆಯ ಟೀಚರ್ ಬಗ್ಗೆ. ಬೆನ್ನ ಹಿಂದೆ ನಾವೆಲ್ಲ ಅವರನ್ನು 'ಕೊನೇ ಬೆಂಚು' ಎನ್ನುತ್ತಿದ್ದೆವು. ಕುರ್ಚಿ ಬಿಟ್ಟು ಅವರು ಕೂರುತ್ತಿದ್ದದ್ದು ಮೂರನೇ ತರಗತಿಯ ಹಿಂದಿನ ಬೆಂಚಿನಲ್ಲಿ, ಯಾರಿಗೂ ಬೇಡವಾದ ಮಕ್ಕಳ ನಡುವೆ ಒತ್ತಿಕೊಂಡು. ಎದುರಿಗೆ ನಾನು ಅಕ್ಕ ಎನ್ನುತ್ತಿದ್ದೆ. ಅಕ್ಕನ ಗಂಡ ಎಲೆಕ್ಟ್ರಿಷಿಯನ್. ಕೆಲಸದಲ್ಲಿ ಉಳಿದ ತಾಮ್ರದ ತಂತಿಯನ್ನು ಅವರು ಭಾನುವಾರ ಕೂತು ಅಕ್ಷರಗಳಾಗಿ ಬಗ್ಗಿಸಿಕೊಡುತ್ತಿದ್ದರು.

"ಇವಳ ಕ್ಲಾಸಿಗೆ ನಾನೇ ಅಸಿಸ್ಟೆಂಟು. ಸಂಬಳ ಅಂತ ಕೇಳಿದ್ರೆ ಬೈಗುಳ" ಎಂದು ನಗುತ್ತಿದ್ದರು.

ಮಕ್ಕಳು ಕಣ್ಣು ಮುಚ್ಚಿ, ತಂತಿಯ ಮೇಲೆ ಬೆರಳಾಡಿಸಿ, ಯಾವ ಅಕ್ಷರವೆಂದು ಹೇಳಬೇಕು. ಹಾಗೆ ಕಲಿತವಳು ಇಸ್ತ್ರಿ ಅಂಗಡಿಯವನ ಮಗಳು. ಎರಡು ಶಾಲೆಗಳು ಇವಳ ತಲೆಗೆ ಏನೂ ಹತ್ತುವುದಿಲ್ಲವೆಂದು ಕೈತೊಳೆದುಕೊಂಡಿದ್ದವು. ಬಂದಾಗ ಅವಳಿಗೆ ತನ್ನ ಹೆಸರೂ ಬರೆಯಲು ಬರುತ್ತಿರಲಿಲ್ಲ. ಆರು ತಿಂಗಳಲ್ಲಿ ಅಕ್ಕ ಅವಳ ಕೈಯಲ್ಲಿ ಇಡೀ ವಾಕ್ಯ ಬರೆಸಿದರು. ಒಂದು ಸಾಲಿಗೆ ಹತ್ತು ನಿಮಿಷ ಹಿಡಿಯುತ್ತಿತ್ತು, ಆದರೆ ತಪ್ಪಿರುತ್ತಿರಲಿಲ್ಲ.

ಆ ವರ್ಷ ಹೊಸ ನಿಯಮ ಬಂತು: 'ಸಿ' ಶ್ರೇಣಿ ಬಂದ ಶಿಕ್ಷಕರು ತರಗತಿ ಬಿಡಬೇಕು. ಪರೀಕ್ಷೆಯ ಹಿಂದಿನ ದಿನ ಹೆಡ್ಮಾಸ್ಟರು ಅಕ್ಕನನ್ನು ಕರೆಸಿದರು.

"ಮೇಡಂ, ನಿಮ್ಮ ಹಿಂದಿನ ಬೆಂಚಿನ ಆ ಏಳು ಮಕ್ಕಳು ನಾಳೆ ಮನೇಲಿರ್ಲಿ. ನಾಳೆ ಹೆಚ್ಚುಕಮ್ಮಿ ಆದ್ರೆ ನನ್ನ ಮೇಲೆ ಗೂಬೆ ಕೂರಿಸ್ಬೇಡಿ."

"ಅವರಿಗೆ ಹೊಟ್ಟೆ ನೋಯ್ತಿಲ್ಲ ಸರ್" ಎಂದು ಅಕ್ಕ ಎದ್ದುಬಂದರು.

ನಾನು ಕಾರಿಡಾರಿನಲ್ಲಿ ಅಡ್ಡಹಾಕಿದೆ. "ಯಾಕಕ್ಕಾ ಹಟ? ಒಂದು ದಿನದ ಮಾತು."

"ಬರೆಯೋಕೆ ಕಲಿಸಿದ್ದೂ ನಾವೇ, ಬರೀಬೇಡ ಅನ್ನೋದೂ ನಾವೇನಾ? ನಿಂಗೆ ನಾಚಿಕೆ ಆಗಲ್ವೇನೇ?"

ಆಗಲಿಲ್ಲ. ನನ್ನ ಚೀಲದಲ್ಲಿ ಒಂಬತ್ತು ಚೀಟಿಗಳಿದ್ದವು.

ಮರುದಿನ ಬಂದ ಮೌಲ್ಯಮಾಪಕ ಒಂದು ದಿನವೂ ಪಾಠ ಮಾಡಿದವನಲ್ಲ. ಮೊದಲು ಸಮಾನ ಅವಕಾಶದ ಬಗ್ಗೆ ಭಾಷಣ ಬಿಗಿದ. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಗಂಟೆ! ಮನೆಗೇ ಟ್ಯೂಷನ್ ಮೇಷ್ಟ್ರು ಬರುವ ಮಗುವಿಗೂ ಅದೇ, ಇಸ್ತ್ರಿ ಅಂಗಡಿಯ ಮೇಜಿನ ಕೆಳಗೆ ಮಲಗುವ ಮಗುವಿಗೂ ಅದೇ. ನಾವೆಲ್ಲ ಹಲ್ಲು ಕಿರಿದು ಚಪ್ಪಾಳೆ ತಟ್ಟಿದೆವು. ಆಮೇಲೆ ಅವನು ಅಕ್ಕನ ಕೋಣೆಗೆ ಹೋಗಿ, ತಂತಿಯ ಅಕ್ಷರವೊಂದನ್ನು ಸತ್ತ ಜಿರಳೆಯಂತೆ ಎರಡು ಬೆರಳಲ್ಲಿ ಎತ್ತಿ, "ಇದಕ್ಕೆ ಇಲಾಖೆ ಒಪ್ಪಿಗೆ ಇದೆಯಾ?" ಎಂದ.

ಗಂಟೆ ಹೊಡೆದಾಗ ಇಸ್ತ್ರಿಯವನ ಮಗಳು ಹತ್ತರಲ್ಲಿ ಮೂರು ಉತ್ತರ ಬರೆದಿದ್ದಳು. ಮೂರೂ ಸರಿ. ಆ ಮಗು ಎಲ್ಲಿಂದ ಹೊರಟು ಇಲ್ಲಿಗೆ ಬಂತು ಎಂದು ಬರೆಯಲು ಮೌಲ್ಯಮಾಪಕನ ನಮೂನೆಯಲ್ಲಿ ಜಾಗವೇ ಇರಲಿಲ್ಲ. ಅಕ್ಕನಿಗೆ 'ಸಿ' ಬಂತು.

ಇಪ್ಪತ್ತೊಂಬತ್ತು ವರ್ಷ ಪಾಠ ಹೇಳಿದವರನ್ನು ಪಠ್ಯಪುಸ್ತಕದ ಗೋದಾಮಿಗೆ ಹಾಕಿದರು, ಕಟ್ಟು ಬಿಗಿಯಲು. ಅವರ ತರಗತಿಯ ಮಕ್ಕಳನ್ನು ನನ್ನ ತರಗತಿಗೆ ಸೇರಿಸಿದರು, ನಾನು ಉತ್ತಮ ಶಿಕ್ಷಕಿಯಲ್ಲವೇ! ಹೊರಡುವಾಗ ಅಕ್ಕ ತಂತಿಯ ಅಕ್ಷರಗಳಿದ್ದ ಚಪ್ಪಲಿ ಡಬ್ಬಿಯನ್ನು ನನ್ನ ಕೈಗಿಟ್ಟರು.

"ಆ ಹುಡುಗೀನ ಅವಸರ ಮಾಡ್ಬೇಡ ಕಣೇ. ಟೈಮ್ ಕೊಟ್ರೆ ಬರೀತಾಳೆ."

ಡಬ್ಬಿಯನ್ನು ಬೀರುವಿನ ಮೇಲಿಟ್ಟೆ. ಮತ್ತೆ ಇಳಿಸಲಿಲ್ಲ.

ಮುಂದಿನ ಪರೀಕ್ಷೆ ಬಂತು. ಯಾರ್ಯಾರು ಮನೆಯಲ್ಲಿರಬೇಕೆಂದು ಬೆಳಿಗ್ಗೆಯೇ ಹೇಳಿ, ಮಧ್ಯಾಹ್ನ ಚೀಟಿ ಬರೆಯಲು ಕೂತೆ. ಇಸ್ತ್ರಿಯವನ ಮಗಳು ಮೇಜಿನ ಹತ್ತಿರ ಬಂದಳು.

"ಮಿಸ್, ನಂದು ನೀವು ಬರೀಬೇಡಿ. ಊಟದ ಬಿಡುವಲ್ಲಿ ನಾನೇ ಬರ್ದೆ."

ಗೆರೆ ಹಾಳೆಯಲ್ಲಿ ಒತ್ತಿ ಒತ್ತಿ ಬರೆದಿದ್ದಳು: 'ನನಗೆ ನಾಳೆ ಹೊಟ್ಟೆ ನೋಯುವುದರಿಂದ ಪರೀಕ್ಷೆಗೆ ಬರುವುದಿಲ್ಲ.' ಒಂದು ತಪ್ಪೂ ಇರಲಿಲ್ಲ. ಕೆಳಗೆ ಅವಳ ಹೆಸರು.

"ಸರಿಯಾಗಿದೆಯಾ ಮಿಸ್?" ಎಂದು ಕೇಳಿದಳು. ಶಹಬ್ಬಾಸ್ ಎನ್ನಲಿ ಎಂದು ನನ್ನ ಮುಖವನ್ನೇ ನೋಡುತ್ತಿದ್ದಳು.

ಸರಿಯಾಗಿದೆ ಎಂದೆ. ಚೀಟಿಯನ್ನು ಉಳಿದವುಗಳ ಜೊತೆ ಫೈಲಿಗೆ ಹಾಕಿದೆ. ಆ ಸಲವೂ ನನಗೆ 'ಎ' ಬಂತು.